ಅತ್ತೆಯ ಹೊಂಡಕ್ಕೊಂದು ಬೇಲಿ

ಸೋಮವಾರ ಬೆಳಿಗ್ಗೆ ಸ್ಟ್ಯಾಂಡಪ್ ಮೀಟಿಂಗ್ ನಡೀತಿತ್ತು. ಫೋನ್ ಸಣ್ಣಗೆ ಅಲುಗಿತು. ಭಾವಿಕೇರಿಯಿಂದ ಅತ್ತೆ ಒಂದು ಫೋಟೊ ಕಳಿಸಿದ್ದರು. ಹೊಂಡದ ಅಂಚಿನಲ್ಲಿ ಮೂರು ಮೀನಿನ ತಲೆ, ಸುತ್ತ ಚೆಲ್ಲಿದ ಬೆಳ್ಳಿ ಬಣ್ಣದ ಹುರುಪೆ. ಹಿಂದೆಯೇ ಒಂದು ವಾಯ್ಸ್ ಮೆಸೇಜ್: “ಕಾಟ್ಲಾ ಎಲ್ಲ ಹೋಯ್ತು ಮಾರಾಯ್ತಿ. ನೀನು ಇಂಜಿನಿಯರ್ ಅಲ್ವೇ? ಬಂದು ಒಂದು ಬೇಲಿ ಹಾಕಿಕೊಡು.”

ನಾನು ಸಾಫ್ಟ್‌ವೇರ್ ಇಂಜಿನಿಯರ್. ಮನೆಯಲ್ಲಿ ಗೋಡೆಗೆ ಮೊಳೆ ಹೊಡೆಯಬೇಕಾದರೂ ಆ್ಯಪ್‌ನಲ್ಲಿ ಜನ ಕರೆಸೋಳು. ಆದರೆ ನಿವೃತ್ತ ಟೀಚರ್ ಆದ ಅತ್ತೆಗೆ ಇಂಜಿನಿಯರ್ ಅಂದ್ರೆ ಇಂಜಿನಿಯರ್. ಅಲ್ಲಿ ವಾದಕ್ಕೆ ಜಾಗ ಇಲ್ಲ.

ಶುಕ್ರವಾರ ರಾತ್ರಿ ಪಂಚಗಂಗಾ ಎಕ್ಸ್‌ಪ್ರೆಸ್ ಹತ್ತಿ ಮಲಗಿದರೆ ಬೆಳಿಗ್ಗೆ ಅಂಕೋಲಾ. ಅಲ್ಲಿಂದ ಆಟೋ ಹಿಡಿದು ಪೇಟೆ ದಾಟಿ, ಸಮುದ್ರದ ದಿಕ್ಕಿಗೆ ಸ್ವಲ್ಪ ಹೋದರೆ ಭಾವಿಕೇರಿ. ಒಂದು ಬದಿಗೆ ಕೇಣಿ, ಇನ್ನೊಂದು ಬದಿಗೆ ಅದಿರಿನ ಹಗರಣದಿಂದ ದೇಶಕ್ಕೆಲ್ಲ ಹೆಸರು ಗೊತ್ತಾದ ಬೇಲೇಕೇರಿ. ರೀಲ್ಸ್ ಮಾಡೋಕೆ ಬರುವವರು ಗೋಕರ್ಣಕ್ಕೋ ಯಾಣಕ್ಕೋ ಹೋಗ್ತಾರೆ, ಇಲ್ಲಿಗೆ ಯಾರೂ ಬರೋದಿಲ್ಲ. ಗದ್ದೆ, ಚಿರೆಕಲ್ಲಿನ ಪಾಗಾರ, ತೆಂಗು, ಬಸಳೆ ಚಪ್ಪರ, ಗಾಳಿ ತಿರುಗಿದರೆ ರಾತ್ರಿ ಸಮುದ್ರದ ಸದ್ದು. ಮೇ ತಿಂಗಳಲ್ಲಿ ಬಂದರೆ ಈಶಾಡು ಮಾವು. ಅಂಕೋಲೆಯ ಕರಿ ಈಶಾಡಿಗೆ 2023ರಲ್ಲಿ ಜಿಐ ಟ್ಯಾಗ್ ಬಂದಮೇಲೆ ಅತ್ತೆ ಹಿತ್ತಲಿನ ಎರಡು ಮರಗಳ ಬಗ್ಗೆ ಮಾತಾಡುವ ಧಾಟಿಯೇ ಬದಲಾಗಿದೆ.

ಊರಿನ ಹೆಸರಲ್ಲೇ ಭಾವಿ ಇದ್ದರೂ ಏಪ್ರಿಲ್ ಹೊತ್ತಿಗೆ ಅತ್ತೆಯ ಬಾವಿಯ ನೀರು ನಾಲಿಗೆಗೆ ಸಣ್ಣಗೆ ಉಪ್ಪು ಹತ್ತುತ್ತದೆ. ಮಳೆ ಕಡಿಮೆ ಅಂತಲ್ಲ. ಈ ಕರಾವಳಿಯಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗಿಂತ ಹೆಚ್ಚೇ ಸುರಿಯುತ್ತದೆ. ಆದರೆ ಹೆಚ್ಚು ಕಡಿಮೆ ಎಲ್ಲವೂ ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಬಂದು, ಹಾಗೇ ಸಮುದ್ರಕ್ಕೆ ಹೋಗುತ್ತದೆ. ಅದಕ್ಕೇ ಅತ್ತೆ ಹಿತ್ತಲಲ್ಲಿ ಮೂವತ್ತು ಅಡಿ ಉದ್ದ, ಇಪ್ಪತ್ತು ಅಡಿ ಅಗಲ, ಎಂಟಡಿ ಆಳದ ಹೊಂಡ ತೋಡಿಸಿ, 500 ಮೈಕ್ರಾನಿನ ಕಪ್ಪು ಪ್ಲಾಸ್ಟಿಕ್ ಹಾಸಿಸಿದ್ದು. 2024ರ ಜುಲೈ 16ರಂದು ನಮ್ಮದೇ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಮುಚ್ಚಿತಲ್ಲ, ಆ ಮಳೆಗಾಲದಲ್ಲೇ ಅದು ಮೊದಲ ಸಲ ತುಂಬಿದ್ದು.

ನೀರು ತುಂಬಿದ ಮೇಲೆ ಮೀನು ಬಿಡದೆ ಇರೋಕೆ ಆಗುತ್ತಾ? ಊರವರು ನಕ್ಕರು. ಸಮುದ್ರ ಇಷ್ಟು ಹತ್ತಿರ ಇಟ್ಟುಕೊಂಡು ಹೊಂಡದ ಕಾಟ್ಲಾ ತಿನ್ನೋರು ಯಾರು? ಅತ್ತೆಯ ಲೆಕ್ಕ ಬೇರೆ ಇತ್ತು. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆ ಬಂದ್. ಆಗ ಮಾರ್ಕೆಟ್ಟಿಗೆ ಬರೋದು ಐಸಿನಲ್ಲಿ ಸೊರಗಿದ ಬಂಗಡೆ, ರೇಟು ಮಾತ್ರ ದುಪ್ಪಟ್ಟು. “ಆವಾಗ ನನ್ನ ಹೊಂಡಕ್ಕೆ ಬಂದು ಕೇಳ್ತಾರೆ ನೋಡು” ಅಂತಿದ್ದರು. ಕೇಳುವ ಕಾಲ ಬರುವ ಮೊದಲೇ ಬೇರೆ ಯಾರೋ ಕೇಳದೆ ತಿಂದು ಹೋಗಿದ್ದರು.

ಶನಿವಾರ ಬೆಳಿಗ್ಗೆ ಬ್ಯಾಗ್ ಇಟ್ಟು ಸೀದಾ ಹಿತ್ತಲಿಗೆ ಹೋದೆ. ಯೂಟ್ಯೂಬ್‌ನಲ್ಲಿ ಬೇಲಿಯ ಐದಾರು ವಿಡಿಯೊ ನೋಡಿಯೇ ಬಂದಿದ್ದೆ. ಟೇಪು ಹಿಡಿದು ಅಳೆಯೋಕೆ ಶುರು ಮಾಡಿದಾಗ ಅತ್ತೆಯ ಹಿತ್ತಲ ಕೆಲಸಕ್ಕೆ ಬರುವ ಹಾಲಕ್ಕಿ ಅಜ್ಜಿ, ಬದನೆ ಗಿಡದ ಬುಡ ಕೆದಕುತ್ತಿದ್ದವರು, ಕೂತಲ್ಲಿಂದಲೇ ಕೇಳಿದರು: “ಯಾರಿಗೆ ಬೇಲಿ?”

“ಪ್ರಾಣಿಗೆ.”

“ಯಾವ ಪ್ರಾಣಿಗೆ?”

ಅದು ಗೊತ್ತಿರಲಿಲ್ಲ. ಅಜ್ಜಿ ಎದ್ದು ಬಂದು ಹೊಂಡದ ಸುತ್ತ ಒಂದು ಸುತ್ತು ಹಾಕಿಸಿದರು. ಆ ಅರ್ಧ ಗಂಟೆಯಲ್ಲಿ ಕಲಿತಷ್ಟು ನಾನು ಆ ಐದಾರು ವಿಡಿಯೊದಲ್ಲಿ ಕಲಿತಿರಲಿಲ್ಲ.

ಬಸಳೆ ಚಪ್ಪರದ ಕಡೆ, ಹೊಂಡ ಉಕ್ಕಿದ ನೀರು ನಿಂತು ಕೆಸರಾದ ಜಾಗದಲ್ಲಿ, ಸೀಳು ಗೊರಸಿನ ಗುರುತು, ಉತ್ತಂತೆ ಎದ್ದ ಮಣ್ಣು. ಅದು ಕಾಡುಹಂದಿ. ಅದಕ್ಕೆ ಮೀನು ಬೇಡ, ತಂಪು ಕೆಸರು, ಗೆಣಸು, ಎರೆಹುಳು ಬೇಕು. ಬೇಲಿ ಹಾರೋದಿಲ್ಲ, ಮೂತಿ ಕೊಟ್ಟು ಕೆಳಗಿಂದ ಎತ್ತುತ್ತದೆ. ಆಚೆ ಕಡೆ ನೈದಿಲೆಯ ಎಲೆ ಹರಿದು ಬಿದ್ದಿತ್ತು, ಮಂಗ. ಅದಕ್ಕೆ ಬೇಲಿ ಅಂದರೆ ಏಣಿ. ಅಂಚಿನಲ್ಲಿ ಸುಮ್ಮನೆ ನಿಂತಿದ್ದ ಕೊಕ್ಕರೆ ನಮ್ಮನ್ನು ನೋಡಿ ಹಾರಿತು, ಮೇಲಿಂದ ಬರುವವರಿಗೆ ಯಾವ ಬೇಲಿ?

ಕೊನೆಗೆ ಹೊಂಡದ ಮೂಲೆಯ ಚಪ್ಪಟೆ ಕಲ್ಲಿನ ಹತ್ತಿರ ಅಜ್ಜಿ ಕೂತರು. ಕಲ್ಲಿನ ಮೇಲೆ ಕಪ್ಪಗೆ, ಒಣಗಿದ ಹಿಕ್ಕೆ. ಕಡ್ಡಿಯಲ್ಲಿ ಬಿಡಿಸಿದರೆ ಒಳಗೆಲ್ಲ ಮೀನಿನ ಹುರುಪೆ, ಏಡಿಯ ಚಿಪ್ಪಿನ ಚೂರು. ವಾಸನೆಯೂ ಮೀನಿನದ್ದೇ. ಪಕ್ಕದ ಹಸಿ ಮಣ್ಣಿನಲ್ಲಿ ಐದು ಬೆರಳಿನ ಗುರುತು, ಬೆರಳುಗಳ ನಡುವೆ ಪೊರೆ ಒತ್ತಿದ ಹಾಗೆ.

“ನೀರುನಾಯಿ,” ಅಂದರು ಅಜ್ಜಿ. “ಒಂದಲ್ಲ, ಸಂಸಾರವೇ ಬಂದದೆ.”

ನನಗೆ ರೋಮಾಂಚನ. ಭಾರತದಲ್ಲಿ ಮೂರು ಜಾತಿಯ ನೀರುನಾಯಿಗಳಿವೆ, ಅದರಲ್ಲಿ ನುಣುಪು ತುಪ್ಪಳದ್ದು ಗುಂಪಿನಲ್ಲೇ ಓಡಾಡುತ್ತದೆ, ನದಿಯಲ್ಲೂ ಅಳಿವೆಯಲ್ಲೂ ಇರುತ್ತದೆ. ತುಂಗಭದ್ರೆಯ 34 ಕಿಲೋಮೀಟರ್ ಹರಿವನ್ನು 2015ರಲ್ಲಿ ನಮ್ಮ ಸರ್ಕಾರ ನೀರುನಾಯಿಗಳಿಗಾಗಿಯೇ ಸಂರಕ್ಷಣಾ ಮೀಸಲು ಅಂತ ಘೋಷಿಸಿತ್ತು. ಹಂಪಿಗೆ ಹೋದಾಗೆಲ್ಲ ಅದನ್ನು ನೋಡಬೇಕು ಅಂತ ನದಿ ದಂಡೆಯಲ್ಲಿ ಕೂತು ಬರಿಗೈಲಿ ಬಂದವಳು ನಾನು. ಅದು ನೋಡಿದರೆ ಅತ್ತೆಯ ಹಿತ್ತಲಿಗೇ ಬಂದು ಊಟ ಮಾಡಿ ಹೋಗಿದೆ! ಅತ್ತೆಗೆ ಈ ಸಂಭ್ರಮ ಅರ್ಥವಾಗಲಿಲ್ಲ. “ಚಂದ ಆಯ್ತು. ಅದಕ್ಕೆ ನನ್ನ ಮೀನೇ ಆಗಬೇಕಿತ್ತಾ?” ಅಂದರು. ಅವರದ್ದೂ ಸರಿಯೇ.

ಮೀನು ಹೋದದ್ದು ಒಂದು ಸಂಗತಿ. ಇನ್ನೊಂದನ್ನು ಅತ್ತೆ ನನಗೆ ಫೋನಿನಲ್ಲಿ ಹೇಳಿರಲಿಲ್ಲ. ಹಿಂದಿನ ಬೇಸಿಗೆಯಲ್ಲಿ ಒಂದು ಮೊಲ ನೀರು ಕುಡಿಯೋಕೆ ಬಂದು ಜಾರಿ ಬಿದ್ದಿತ್ತು. ಪ್ಲಾಸ್ಟಿಕ್ ಹಾಸಿನ ಮೇಲೆ ಉಗುರು ನಿಲ್ಲಲ್ಲ. ಬೆಳಿಗ್ಗೆ ತೇಲುತ್ತಿತ್ತು. ಅದಾದ ತಿಂಗಳಿಗೆ ಪಕ್ಕದ ಮನೆಯ ಐದು ವರ್ಷದ ಹುಡುಗ ಚೆಂಡು ಹುಡುಕಿಕೊಂಡು ಬಂದು ಅದೇ ಕಡೆ ಜಾರಿದ. ಅತ್ತೆ ಬಟ್ಟೆ ಒಣಗಿಸುತ್ತಾ ಅಲ್ಲೇ ಇದ್ದರು, ಕೈಯಲ್ಲಿದ್ದ ಸೀರೆಯನ್ನೇ ಎಸೆದರು, ಹುಡುಗ ಹಿಡಿದುಕೊಂಡ. ಇದನ್ನು ಹೇಳುವಾಗ ಅತ್ತೆ ನನ್ನ ಮುಖ ನೋಡಲಿಲ್ಲ. ಕೃಷಿ ಭಾಗ್ಯ ಯೋಜನೆಯ ಹೊಂಡಗಳಿಗೆ ಸುತ್ತ ತಂತಿ ಬೇಲಿಗೂ ಸಹಾಯಧನ ಇಟ್ಟಿರೋದು ಸುಮ್ಮನೆ ಅಲ್ಲ. ಅತ್ತೆ ತಮ್ಮ ಪಿಂಚಣಿ ದುಡ್ಡಿನಲ್ಲಿ ತೋಡಿಸಿದವರು, ಬೇಲಿಯನ್ನು ‘ಆಮೇಲೆ ನೋಡೋಣ’ ಅಂತ ಬಿಟ್ಟಿದ್ದರು.

ಎರಡೇ ದಿನ ಇದ್ದದ್ದರಿಂದ ಸುಲಭದ ದಾರಿ ಹಿಡಿದೆವು. ನಮ್ಮ ಕಡೆ ಎಲ್ಲರೂ ಹಿಡಿಯುವ ದಾರಿ ಅದು. ಮೀನುಗಾರರ ಹತ್ತಿರ ಹರಿದ ಹಳೇ ನೈಲಾನ್ ಬಲೆ ಸಿಗುತ್ತದೆ, ತಂದು ಗೂಟ ನೆಟ್ಟು ಸುತ್ತಿದರಾಯಿತು. ತರಕಾರಿ ಗದ್ದೆಗಳಿಗೆ ಹಂದಿ, ನವಿಲು ಬಾರದ ಹಾಗೆ ಹೀಗೇ ಸುತ್ತುತ್ತಾರೆ. ಕೆಲವರು ಬಲೆಯ ಬದಲು ಬಣ್ಣದ ಹಳೇ ಸೀರೆ ಕಟ್ಟುತ್ತಾರೆ, ದೂರದಿಂದ ನೋಡಿದರೆ ಮದುವೆ ಮನೆ. ಭಾನುವಾರ ಸಂಜೆಯೊಳಗೆ ಬಲೆ ನಿಂತಿತು. ಸೆಲ್ಫಿ ತೆಗೆದೆ, ಸ್ಟೇಟಸ್ ಹಾಕಿದೆ, ರಾತ್ರಿ ರೈಲು ಹತ್ತಿದೆ.

ಹನ್ನೆರಡನೇ ದಿನ ಇನ್ನೊಂದು ಫೋಟೊ ಬಂತು. ಈ ಸಲ ವಾಯ್ಸ್ ಮೆಸೇಜ್ ಇರಲಿಲ್ಲ.

ಬಲೆಯ ಬುಡದಲ್ಲಿ ಒಂದು ಉಡ. ಕುತ್ತಿಗೆಗೂ ಮುಂಗಾಲಿಗೂ ನೂಲು ಸುತ್ತಿಕೊಂಡು, ಬಿಡಿಸಿಕೊಳ್ಳೋಕೆ ಹೋಗಿ ಇನ್ನೂ ಬಿಗಿದುಕೊಂಡು, ಬಿಸಿಲಿಗೆ ಸತ್ತಿತ್ತು. ಅದರ ಮೂರು ಅಡಿ ಆಚೆ ಒಂದು ಕೇರೆಹಾವು, ಅದಿನ್ನೂ ಜೀವ ಇತ್ತಂತೆ. ಹಾಲಕ್ಕಿ ಅಜ್ಜಿ ಕತ್ತಿಯಿಂದ ಒಂದೊಂದೇ ನೂಲು ಕೊಯ್ದು ಬಿಟ್ಟರಂತೆ. ನೀರುನಾಯಿ? ಅದು ಬಲೆಯ ಅಡಿಯಲ್ಲಿ ನುಸುಳಿ, ಉಳಿದ ರೋಹು ತಿಂದು, ಅದೇ ಚಪ್ಪಟೆ ಕಲ್ಲಿನ ಮೇಲೆ ತನ್ನ ಗುರುತು ಬಿಟ್ಟು ಹೋಗಿತ್ತು.

ಆ ಫೋಟೊವನ್ನು ನಾನು ಇವತ್ತಿಗೂ ಡಿಲೀಟ್ ಮಾಡಿಲ್ಲ. ಉಡ ಮತ್ತು ನೀರುನಾಯಿ ಎರಡೂ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿರುವ ಪ್ರಾಣಿಗಳು, ಅಂದರೆ ಹುಲಿಗೆ ಇರುವಷ್ಟೇ ರಕ್ಷಣೆ. ಕೊಲ್ಲಬೇಕು ಅಂತ ಯಾರೂ ಬಲೆ ಕಟ್ಟಿರಲಿಲ್ಲ. ಆದರೆ ಕಟ್ಟಿದ್ದು ನಾನು.

ಮನೆಯ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಸಲಹೆಗಳು ಸುರಿದವು. ಒಬ್ಬರು ವಿಷ ಅಂದರು. ಇನ್ನೊಬ್ಬರು, ವಯಸ್ಸಿನಲ್ಲಿ ಹಿರಿಯರು, “ಒಂದು ತಂತಿ ಎಳೆದು ರಾತ್ರಿ ಮನೆ ಕರೆಂಟು ಕೊಡಿ, ಒಂದೇ ದಿನಕ್ಕೆ ಬುದ್ಧಿ ಬರ್ತದೆ” ಅಂದರು. ಇದನ್ನು ಓದುವವರಲ್ಲಿ ಯಾರ ಮನೆಯಲ್ಲಾದರೂ ಈ ಮಾತು ಬಂದಿದ್ದರೆ ದಯವಿಟ್ಟು ಇಲ್ಲಿ ನಿಲ್ಲಿ. ಸೋಲಾರ್ ಬೇಲಿಯ ಯಂತ್ರ ಸಾವಿರಾರು ವೋಲ್ಟ್ ಕೊಡುತ್ತದೆ ನಿಜ, ಆದರೆ ಸೆಕೆಂಡಿಗೆ ಸುಮಾರು ಒಂದು ಸಲ, ಕಣ್ಣು ಮಿಟುಕಿಸುವುದಕ್ಕಿಂತ ಎಷ್ಟೋ ಕಡಿಮೆ ಹೊತ್ತು, ಅಳತೆಯಿಟ್ಟ ಶಕ್ತಿಯಲ್ಲಿ. ಮುಟ್ಟಿದವರು ಬೆಚ್ಚಿ ಹಿಂದೆ ಸರಿಯುತ್ತಾರೆ. ಮನೆಯ 230 ವೋಲ್ಟ್ ಹಾಗಲ್ಲ. ಅದು ನಿಲ್ಲದೆ ಹರಿಯುತ್ತದೆ, ಹಿಡಿದ ಕೈಯ ಸ್ನಾಯು ಬಿಗಿದು ಬಿಡಿಸಿಕೊಳ್ಳೋಕೆ ಆಗೋದಿಲ್ಲ. ರಾಜ್ಯದಲ್ಲಿ ಹೀಗೆ ಎಳೆದ ತಂತಿಗೆ ಆನೆ, ಚಿರತೆ ಮಾತ್ರ ಅಲ್ಲ, ತಂತಿ ಎಳೆದ ರೈತರೇ ಬೆಳಿಗ್ಗೆ ಮರೆತು ಹೋಗಿ ಮುಟ್ಟಿ ಸತ್ತಿದ್ದಾರೆ. ಅತ್ತೆ ಗ್ರೂಪಿನಲ್ಲಿ ಒಂದೇ ಸಾಲು ಬರೆದರು: “ಪಕ್ಕದ ಮನೆ ಹುಡುಗ ಇನ್ನೂ ಚೆಂಡು ಆಡ್ತಾನೆ.” ಆಮೇಲೆ ಯಾರೂ ಮಾತಾಡಲಿಲ್ಲ.

ನಿಯಮದ ಪ್ರಕಾರದ ಸೋಲಾರ್ ಬೇಲಿಯನ್ನೂ ಯೋಚಿಸಿದೆವು. ಬಿಟ್ಟೆವು. ನಮ್ಮ ಮಳೆಗಾಲದಲ್ಲಿ ಹುಲ್ಲು ವಾರಕ್ಕೆ ಒಂದು ಅಡಿ ಎದ್ದು ತಂತಿಗೆ ತಾಗಿ ಕರೆಂಟನ್ನೆಲ್ಲ ನೆಲಕ್ಕೆ ಇಳಿಸುತ್ತದೆ. ಅತ್ತೆ ಒಬ್ಬರೇ ಇರೋದು, ದಿನಾ ಕತ್ತಿ ಹಿಡಿದು ಸುತ್ತೋದು ಯಾರು?

ಮಾರ್ಚ್‌ನಲ್ಲಿ ನಾಲ್ಕು ದಿನ ರಜೆ ಹಾಕಿ ಮತ್ತೆ ಹೋದೆ. ಈ ಸಲ ವಿಡಿಯೊ ನೋಡಲಿಲ್ಲ, ಹಿಕ್ಕೆ ನೋಡಿ ಬೇಲಿ ಹಾಕಿದೆವು ಅನ್ನಬಹುದು. ಹಂದಿ ಮತ್ತು ನೀರುನಾಯಿ ಎರಡೂ ಕೆಳಗಿಂದ ಬರುವಂಥವು, ಹಾಗಾಗಿ ಬೇಲಿಯ ಜೀವ ಇರೋದು ಬುಡದಲ್ಲಿ. ಹೊಂಡದಿಂದ ಎಲ್ಲ ಕಡೆ ನಾಲ್ಕು ಅಡಿ ಬಿಟ್ಟು ಅಳೆದರೆ ಸುತ್ತಳತೆ 132 ಅಡಿ. ಎಂಟಡಿಗೊಂದರಂತೆ ಹದಿನೇಳು ಕಂಬ. ಚಿರೆಕಲ್ಲಿನ ನೆಲ, ಹಾರೆ ಹಾಕಿದರೆ ಕಿಡಿ ಏಳುತ್ತದೆ. ಮೊದಲ ದಿನ ನಾಲ್ಕು ಗುಂಡಿ ಮಾತ್ರ ಆಯಿತು, ನನ್ನ ಅಂಗೈಯಲ್ಲಿ ಬೊಬ್ಬೆ ಮಾತ್ರ ಆರು.

ಜಾಲರಿ ಆರು ಅಡಿ ಅಗಲದ್ದು, ಬೆಸೆದ ಉಕ್ಕಿನದು, ಕಣ್ಣು ಒಂದೂವರೆ ಇಂಚು, ಮೇಲೆ ಪ್ಲಾಸ್ಟಿಕ್ ಲೇಪ. ಲೇಪ ಇಲ್ಲದಿದ್ದರೆ ಸಮುದ್ರದ ಉಪ್ಪುಗಾಳಿಗೆ ಎರಡು ಮಳೆಗಾಲದಲ್ಲಿ ತುಕ್ಕು ಹಿಡಿದು ಪುಡಿ. ಕೆಳಗಿನ ಒಂದು ಅಡಿಯನ್ನು ಹೊರಗಡೆಗೆ ಮಡಚಿ ನೆಲದ ಮೇಲೆ ಹಾಸಿ, ಅದರ ಮೇಲೆ ಮಣ್ಣು, ಮಣ್ಣಿನ ಮೇಲೆ ಸಾಲಾಗಿ ಚಿರೆಕಲ್ಲು. ಕೆದಕುವ ಪ್ರಾಣಿ ಬೇಲಿಯ ಬುಡಕ್ಕೇ ಬಂದು ಕೆದಕುತ್ತದೆ, ಅಲ್ಲಿ ಕಾಲಡಿಗೆ ಜಾಲರಿ ಸಿಗುತ್ತದೆ, ಒಂದು ಅಡಿ ಹಿಂದೆ ನಿಂತು ಕೆದಕಬೇಕು ಅಂತ ಅದಕ್ಕೆ ಹೊಳೆಯೋದಿಲ್ಲ. ನಾಲ್ಕು ಅಡಿ ನೇರ. ಮೇಲಿನ ಒಂದು ಅಡಿ ಹೊರಗೆ ಬಾಗಿಸಿದ್ದು, ಹತ್ತಿದವರು ತಲೆಕೆಳಗಾಗಲಿ ಅಂತ. ಬಿಗಿ ಕಂಬಿಯಾದ್ದರಿಂದ ಹಾವು ತಲೆ ಹಾಕಿದರೂ ಹಿಂದಕ್ಕೆ ಸರಿದು ಹೋಗಬಹುದು, ನೈಲಾನಿನ ಹಾಗೆ ಎಳೆದಷ್ಟೂ ಬಿಗಿಯಾಗೋದಿಲ್ಲ. ಮಂಗ, ಕೊಕ್ಕರೆ, ಮಿಂಚುಳ್ಳಿಗಳಿಗೆ ನಾವು ಏನೂ ಮಾಡಲಿಲ್ಲ. ಅವರ ಪಾಲು ಅವರಿಗೆ ಅಂತ ಅತ್ತೆ ಮೊದಲೇ ಬರೆದುಬಿಟ್ಟಿದ್ದರು.

ಎಲ್ಲಕ್ಕಿಂತ ತಲೆ ತಿಂದದ್ದು ಗೇಟು. ಎಂಥಾ ಬೇಲಿಯಾದರೂ ಗೇಟಿನ ಅಡಿಯಲ್ಲಿ ಮೂರು ಬೆರಳು ಸಂದು ಉಳಿದರೆ ಅಲ್ಲಿಗೆ ಮುಗಿಯಿತು. ಅದಕ್ಕೆ ಚಿರೆಕಲ್ಲಿನ ಹೊಸ್ತಿಲು ಕೂರಿಸಿ, ಗೇಟು ಅದಕ್ಕೆ ಉಜ್ಜಿಕೊಂಡೇ ತಿರುಗುವ ಹಾಗೆ ಮಾಡಿದೆವು. ಮಕ್ಕಳ ಕೈಗೆ ಎಟುಕದಷ್ಟು ಎತ್ತರದಲ್ಲಿ ಚಿಲಕ. ಹೊಂಡದ ಒಳಗೆ ನಾಲ್ಕೂ ಮೂಲೆಗೆ ತೆಂಗಿನ ನಾರಿನ ದಪ್ಪ ಹಗ್ಗ, ಒಂದು ಕಡೆ ನಾರಿನ ಚಾಪೆ ಇಳಿಬಿಟ್ಟೆವು. ಬೇಲಿ ಇದ್ದರೂ ಕಪ್ಪೆಯೋ ಅಳಿಲೋ, ದೇವರು ಹಾಗೆ ಮಾಡದಿರಲಿ, ಮಗುವೋ ಒಳಗೆ ಬಿದ್ದರೆ ಹಿಡಿದು ಹತ್ತೋಕೆ ಏನಾದರೂ ಇರಬೇಕಲ್ಲ. ಖರ್ಚು? ಹೊಸ ಫೋನಿಗೆ ಅಂತ ಕೂಡಿಟ್ಟಿದ್ದರಲ್ಲಿ ಮುಕ್ಕಾಲು ಪಾಲು ಹೋಯಿತು. ಇದನ್ನು ಬರೆಯುತ್ತಿರೋದು ಹಳೇ ಫೋನಿನಲ್ಲೇ.

ನಾಲ್ಕನೇ ದಿನ ಮಧ್ಯಾಹ್ನ ಕೆಲಸ ಮುಗಿಯಿತು ಅಂತ ಕೂತಾಗ ಅತ್ತೆ ಎರಡು ಮೂಟೆ ಸಿಮೆಂಟು ಇನ್ನೂ ಇದೆಯಾ ಅಂತ ಕೇಳಿದರು. ಬೇಲಿಯ ಹೊರಗೆ, ಹಿತ್ತಲಿನ ಕೊನೆಯಲ್ಲಿ, ಒಂದು ತಗ್ಗಾದ ತೊಟ್ಟಿ ಕಟ್ಟಬೇಕಂತೆ. ಹೊಂಡದಿಂದ ಒಂದು ಪೈಪು ಅದಕ್ಕೆ.

ನನಗೆ ಸಿಟ್ಟೇ ಬಂತು. ನಾಲ್ಕು ದಿನ ಕೈ ಒಡೆದುಕೊಂಡು ಹೊರಗೆ ಇಟ್ಟವರನ್ನು ಮತ್ತೆ ಕರೆಯೋದಾ? ಹಂದಿ ಬಂದು ಅಲ್ಲೇ ಬಿದ್ದುಕೊಂಡರೆ? ಸೊಳ್ಳೆ ಆದರೆ? ಡೆಂಗಿ ಬಂದರೆ?

ಅತ್ತೆ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು. ಮಾವನ ಊರು ಕಾರವಾರದ ಕಡೆ, ಒಂದು ದೊಡ್ಡ ಯೋಜನೆಗೆ ಹೋದ ಊರು. ಎಲ್ಲರೂ ಖಾಲಿ ಮಾಡಿದ ಮೇಲೆ ಒಮ್ಮೆ ಮಾವನ ಜೊತೆ ಆ ಕಡೆ ಹೋಗಿದ್ದರಂತೆ. ಬೇಸಿಗೆ. ಬೇಲಿ ಬಿದ್ದಿತ್ತು. ಆಚೆ ಅವರದ್ದೇ ಬಾವಿಕಟ್ಟೆ ಕಾಣುತ್ತಿತ್ತು, ಈಚೆ ಇವರು. “ನಿನ್ನ ಮಾವ ಆವತ್ತು ನೀರು ಬೇಕು ಅಂತ ಕೇಳಿದ್ರು. ಬ್ಯಾಗಲ್ಲಿ ಬಾಟ್ಲಿ ಇತ್ತು. ಕೊಟ್ರೆ ಕುಡಿಲಿಲ್ಲ.”

ಈಗ ಅಲಗೇರಿ, ಬೇಲೇಕೇರಿ, ಭಾವಿಕೇರಿಯಲ್ಲಿ ವಿಮಾನ ನಿಲ್ದಾಣಕ್ಕೆ ಜಾಗ ಗುರುತಿಸಿದ ಮೇಲೆ ಈ ಊರಲ್ಲೂ ಸರ್ವೆ, ಬೇಲಿ ಅನ್ನೋ ಮಾತು ಬಾಯಿಂದ ಬಾಯಿಗೆ ಓಡಾಡುತ್ತದೆ. ಅತ್ತೆಯ ಹಿತ್ತಲು ಅದರಲ್ಲಿ ಇಲ್ಲ. ಆದರೂ ಅವರು ಆ ಮಾತು ಬಂದಾಗ ಎದ್ದು ಒಳಗೆ ಹೋಗುತ್ತಾರೆ.

ತೊಟ್ಟಿ ಕಟ್ಟಿದೆವು. ಮೂರು ಅಡಿ ಉದ್ದ, ಒಂದು ಗೇಣು ಆಳ, ಜೇನ್ನೊಣ ಕೂರೋಕೆ ಮಧ್ಯ ಎರಡು ಕಲ್ಲು. ನನ್ನ ಷರತ್ತು ಒಂದೇ, ವಾರಕ್ಕೆ ಎರಡು ಸಲ ಚೆಲ್ಲಿ ತಿಕ್ಕಬೇಕು, ಇಲ್ಲದಿದ್ದರೆ ಸೊಳ್ಳೆ ಮರಿ. ಆ ಕೆಲಸವನ್ನು ಅಜ್ಜಿ ವಹಿಸಿಕೊಂಡರು.

ಹಳೇ ಸಿಸಿಟಿವಿ ಕ್ಯಾಮೆರಾ ಒಂದನ್ನು ಕಂಬಕ್ಕೆ ಕಟ್ಟಿ ಬಂದಿದ್ದೆ. ಏಪ್ರಿಲ್ ಎರಡನೇ ವಾರ, ಬೆಳಗಿನ ಜಾವ ಮೂರೂವರೆಯ ಕ್ಲಿಪ್ಪಿನಲ್ಲಿ ಕೊನೆಗೂ ನೋಡಿದೆ. ಐದು ಇದ್ದವು, ಎರಡು ದೊಡ್ಡವು, ಮೂರು ಸಣ್ಣವು. ಬೇಲಿಯ ಉದ್ದಕ್ಕೂ ಸಾಲಾಗಿ ಬಂದವು. ಗೇಟಿನ ಹೊಸ್ತಿಲ ಹತ್ತಿರ ದೊಡ್ಡದೊಂದು ಎರಡು ಕಾಲಲ್ಲಿ ಎದ್ದು ನಿಂತು ಜಾಲರಿಗೆ ಮೂತಿ ಒತ್ತಿತು. ಒಂದು ಮರಿ ಕಲ್ಲು ಕೆದಕಿ ನೋಡಿತು. ಆಮೇಲೆ ಎಲ್ಲವೂ ತಿರುಗಿ ಹಳ್ಳದ ಕಡೆ ಹೋದವು. ತೊಟ್ಟಿಯ ಕಡೆ ತಿರುಗಿಯೂ ನೋಡಲಿಲ್ಲ. ತೊಟ್ಟಿಗೆ ಬಂದದ್ದು ನವಿಲು, ಮುಂಗುಸಿ, ಒಂದು ಮೊಲ. ಹಂದಿಯೂ ಬಂತು, ನಾನು ಹೇಳಿದ ಹಾಗೇ ಅಲ್ಲೇ ಬಿದ್ದುಕೊಂಡಿತು, ತೊಟ್ಟಿಯ ಒಂದು ಅಂಚು ಒಡೆಯಿತು.

ಆ ಐದು ನೀರುನಾಯಿಗಳು ಈಗ ಎಲ್ಲಿ ಉಣ್ಣುತ್ತಿವೆ? ಹಳ್ಳ ಬೇಸಿಗೆಯಲ್ಲಿ ಗುಂಡಿ ಗುಂಡಿಯಾಗಿ ಉಳಿಯುತ್ತದೆ. ಅದರಾಚೆ ಇನ್ಯಾರದ್ದೋ ಸೀಗಡಿ ಕೆರೆ, ಇನ್ಯಾರದ್ದೋ ಬಲೆ. ಆ ಕ್ಲಿಪ್ಪನ್ನು ನಾನು ಗೆದ್ದೆ ಅಂತ ಫ್ರೆಂಡ್ಸಿಗೆ ಕಳಿಸಿದ್ದೆ. ಎರಡನೇ ಸಲ ನೋಡುವಾಗ ಅಷ್ಟು ಖುಷಿ ಇರಲಿಲ್ಲ.

ಮೇ ಕೊನೆಯಲ್ಲಿ ಅತ್ತೆ ಹೊಸ ಮರಿಗಳನ್ನು ತಂದು ಬಿಟ್ಟರು, ಕಾಟ್ಲಾ, ರೋಹು ಎರಡೂ. ಜೂನ್ ಮೊದಲ ವಾರ ಮಳೆ ಹಿಡಿಯಿತು. ನಿನ್ನೆ ರಾತ್ರಿ ವಾಯ್ಸ್ ಮೆಸೇಜ್ ಬಂತು. ಹಿಂದೆ ಹಂಚಿನ ಮೇಲೆ ಮಳೆಯ ಸದ್ದು, ಅದರ ಮೇಲೆ ಅತ್ತೆ ಕೂಗಿ ಹೇಳುತ್ತಿದ್ದರು: “ಹೊಂಡ ಅರ್ಧ ತುಂಬ್ತು. ಗೇಟಿನ ಹೊಸ್ತಿಲಿನ ಒಂದು ಕಲ್ಲು ಜಾರಿದೆ, ಅಜ್ಜಿ ಈಗ ಸದ್ಯಕ್ಕೆ ಒಳಕಲ್ಲು ಅಡ್ಡ ಇಟ್ಟಿದ್ದಾರೆ. ತೊಟ್ಟಿಯ ಅಂಚೂ ಕಟ್ಟಬೇಕು. ನೀನು ಯಾವಾಗ ಬರ್ತಿ?”

ಶುಕ್ರವಾರದ ಪಂಚಗಂಗಾ ವೇಟಿಂಗ್ ಲಿಸ್ಟ್ 14 ತೋರಿಸುತ್ತಿದೆ. ಬುಕ್ ಮಾಡಿದ್ದೇನೆ.